ಎರಡನೇ ಲೆನ್ಸ್ ಹಿಡಿಯುವವಳು

ನಾರ್ವೆ
ಕೊಪ್ಪ ತಾಲ್ಲೂಕು
ಭಾನುವಾರ, ೧೬ ನವೆಂಬರ್ ೨೦೨೫

ಸುಂದರೇಶ್ ಅವರಿಗೆ ಸುಮಲತಾ ಮಾಡುವ ನಮಸ್ಕಾರ.

ಹೌದು, ಹೆಸರು ಹಿಡಿದೇ ಬರೆದಿದ್ದೇನೆ. ಪಕ್ಕದಲ್ಲಿ ಹುರುಳಿ ಆರಿಸುತ್ತಾ ಕೂತಿರುವ ಅವ್ವ ಮೊದಲ ಸಾಲು ಓದಿಸಿಕೊಂಡು, ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಮ್ಮಿಯಾಗುತ್ತದೆ ಕಣೇ ಅಂತ ಗದರಿದಳು. ಕೊಪ್ಪದ ಪೇಟೆಯಲ್ಲಿ ಸುಂದರೇಶ್ ಫೋಟೋ ಸ್ಟುಡಿಯೋ ಅಂತ ಅಷ್ಟು ದೊಡ್ಡ ಬೋರ್ಡ್ ಇದೆ, ಊರಿಗೆ ಊರೇ ದಿನಾ ಓದುತ್ತದೆ, ಆದರೂ ಗಟ್ಟಿಮುಟ್ಟಾಗಿಯೇ ಇದ್ದಾರೆ ಅಂದೆ. ಅವ್ವ ಮತ್ತೆ ಹುರುಳಿಗೆ ಕೈ ಹಾಕಿದಳು.

ಫೋನಿನಲ್ಲಿ ಹೇಳೋಣ ಅಂದರೆ ನೀವು ನನ್ನ ಮಾತು ಅರ್ಧಕ್ಕೇ ತುಂಡು ಮಾಡುತ್ತೀರಿ. ಕಾಗದಕ್ಕೆ ಅಡ್ಡಬಾಯಿ ಹಾಕಲು ಆಗುವುದಿಲ್ಲ. ಕೂತು ಪೂರ್ತಿ ಓದಿ.

ಗುರುವಾರ ಬೆಳಗ್ಗೆ ಆರಕ್ಕೆ ಕೊಪ್ಪ ಬಸ್ ಸ್ಟ್ಯಾಂಡಿನಿಂದ ನಮ್ಮ ಟೆಂಪೋ ಟ್ರಾವೆಲರ್ ಹೊರಡುತ್ತದೆ. ಶೃಂಗೇರಿಯ ಪದ್ಮಾಕ್ಷಿಯಮ್ಮ ಹೆಂಗಸರನ್ನೇ ಕಟ್ಟಿಕೊಂಡು ಹೋಗುವ ಪ್ರವಾಸ: ಬಾದಾಮಿ, ಅಜಂತಾ, ಅಲ್ಲಿಂದ ರಾಜಸ್ಥಾನ, ಒಟ್ಟು ಹದಿನೆಂಟು ದಿನ. ಹೋದ ಜಾಗದ್ದೂ ಹೋದವರದ್ದೂ ಫೋಟೋ ತೆಗೆಯುವುದು ನನ್ನ ಕೆಲಸ. ಬಂದ ಮೇಲೆ ಅದನ್ನೆಲ್ಲ ಪುಸ್ತಕ ಮಾಡಿಸಿ, ಒಳಪುಟದಲ್ಲಿ ನನ್ನ ಹೆಸರು ಹಾಕಿಸುತ್ತಾರಂತೆ. ನೀವು ಅವರಿಗೆ ಗುಟ್ಟಾಗಿ ಫೋನ್ ಮಾಡಿ, ಅವಳ ಒಬ್ಬಳ ಕೈಲಿ ಆಗುವುದಿಲ್ಲ, ಡ್ರೈವರ್ ಪಕ್ಕದ ಸೀಟಿನಲ್ಲಿ ನಾನೂ ಬರುತ್ತೇನೆ, ಕ್ಯಾಮೆರಾ ನಾನೇ ನೋಡಿಕೊಳ್ಳುತ್ತೇನೆ ಅಂದಿರಂತೆ. ಅದು ಗೊತ್ತಾದ ದಿನವೇ ನಾನು ನಾರ್ವೆಗೆ ಬಂದದ್ದು, ಅವ್ವನ ಮಂಡಿನೋವು ಬರೀ ನೆಪ. ಮೊನ್ನೆ ಫೋನಿನಲ್ಲೂ ಅದೇ ರಾಗ. ಒಂದು ಲೆನ್ಸ್ ನೇತುಹಾಕಿಕೊಂಡು ಹೋಗಿ ಸ್ಟುಡಿಯೋದ ಮರ್ಯಾದೆ ತೆಗೆಯುತ್ತೀಯ, ಗುರುವಾರ ಎರಡೂ ಲೆನ್ಸಿನ ಬ್ಯಾಗ್ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ ಅಂದಿರಿ. ಬರಬೇಡಿ. ಇದನ್ನು ಹೇಳುವುದಕ್ಕೇ ಈ ಕಾಗದ.

ಮೊದಲು ಲೆನ್ಸಿನ ವಿಷಯ ಮುಗಿಸೋಣ. ನೀವು ಹೇಳುವುದು ಸುಳ್ಳಲ್ಲ. ಹತ್ತಿರಕ್ಕೊಂದು ದೂರಕ್ಕೊಂದು ಅಂತ ಎರಡಿದ್ದರೆ ಚಿತ್ರ ಚೊಕ್ಕವಾಗಿ ಬರುತ್ತದೆ. ಹತ್ತಿರ, ದೂರ ಎರಡನ್ನೂ ಒಂದರಲ್ಲೇ ತೆಗೆಯುವ ನನ್ನ ಹದಿನೆಂಟು-ಇನ್ನೂರರ ಝೂಮ್ ಲೆನ್ಸನ್ನು ಕೊನೆಯವರೆಗೆ ಎಳೆದರೆ ಅಂಚು ಮಂಕಾಗುತ್ತದೆ, ಗುಡಿಯೊಳಗಿನ ಕತ್ತಲಲ್ಲಿ ಕೈ ಸ್ವಲ್ಪ ಅಲುಗಿದರೂ ಮುಗಿಯಿತು. ನನಗೆ ಇದೆಲ್ಲ ಗೊತ್ತಿಲ್ಲ ಅಂದುಕೊಂಡಿರಾ? ಶಿವಮೊಗ್ಗದಿಂದ ಅದನ್ನು ಸೆಕೆಂಡ್ ಹ್ಯಾಂಡ್ ತಂದ ದಿನ ನೀವು ಗಿರಾಕಿಗಳ ಎದುರು ಎತ್ತಿ ಹಿಡಿದು, ಇದು ಮಕ್ಕಳನ್ನು ಟೂರಿಗೆ ಕರೆದುಕೊಂಡು ಹೋಗುವ ಮೇಷ್ಟರ ಲೆನ್ಸು ಅಂತ ನಕ್ಕಿರಿ. ನಾನೂ ನಕ್ಕೆ. ಯಾಕೆ ನಕ್ಕೆನೋ, ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಒಂದು ಮಾತು ಕೇಳುತ್ತೇನೆ. ಕ್ಯಾಮೆರಾದಲ್ಲಿ ಒಂದು ಲೆನ್ಸ್ ಇದ್ದಾಗ ಇನ್ನೊಂದು ಎಲ್ಲಿರುತ್ತದೆ? ನನ್ನ ಕೈಯಲ್ಲಿ. ಹದಿನೇಳು ವರ್ಷದಿಂದ. ನೀವು ಹಿಂದೆ ತಿರುಗದೆ ಕೈ ಚಾಚಿದರೆ ಸಾಕು, ಅಂಗೈ ಮೇಲೆ ಲೆನ್ಸ್ ಇರಬೇಕು, ಮುಚ್ಚಳ ತೆಗೆದು, ಜೋಡಿಸುವ ಚುಕ್ಕೆ ಮೇಲೆ ಮಾಡಿ. ನೀವು ಊಟಕ್ಕೆ ಕೂತಾಗ ಬ್ಯಾಗ್ ಕಾಯುವವಳು ನಾನು. ಲೆನ್ಸ್ ಬದಲಾಯಿಸುವಾಗ ಒಳಗೆ ಧೂಳು ಹೊಕ್ಕು ಫೋಟೋದ ಆಕಾಶದಲ್ಲೆಲ್ಲ ಕಪ್ಪು ಚುಕ್ಕೆ ಬಂದರೆ, ಕಂಪ್ಯೂಟರ್ ಮುಂದೆ ಕೂತು ಒಂದೊಂದೇ ಅಳಿಸುವವಳೂ ನಾನೇ. ನಿಮಗೇನು, ಎರಡಲ್ಲ, ನಾಲ್ಕು ಲೆನ್ಸ್ ಬೇಕಾದರೂ ಇಟ್ಟುಕೊಳ್ಳಬಹುದು. ನಾನು ಎರಡು ಇಟ್ಟುಕೊಳ್ಳಬೇಕಾದರೆ ನನಗೂ ಒಬ್ಬಳು ಹೆಂಡತಿ ಬೇಕು. ಎಲ್ಲಿಂದ ತರಲಿ ಮಾರಾಯ್ರೆ?

ಮೇ ತಿಂಗಳಲ್ಲಿ ನಮ್ಮ ಕೊಪ್ಪದ ಹತ್ತಿರದ ಜಯಪುರದಲ್ಲಿ ಆದ ಮದುವೆ ನೀವು ಮರೆತಿರಬಹುದು, ನಾನು ಮರೆತಿಲ್ಲ. ಗಂಡು ಹೆಣ್ಣಿನ ನಡುವೆ ಅಂತರಪಟ ಹಿಡಿದಿದ್ದರು. ಅದು ಸರಿದು, ಇಬ್ಬರೂ ಒಬ್ಬರ ತಲೆ ಮೇಲೊಬ್ಬರು ಜೀರಿಗೆ ಬೆಲ್ಲ ಹಾಕುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಆ ಒಂದು ಫೋಟೋ ಇಲ್ಲದ ಆಲ್ಬಮ್ಮನ್ನು ಯಾರೂ ಮುಟ್ಟುವುದಿಲ್ಲ. ನಿಮಗೆ ಸರಿಯಾಗಿ ಆಗಲೇ ಹುಡುಗಿಯ ಮುಖ ಹತ್ತಿರದಿಂದ ಬೇಕು ಅನ್ನಿಸಿತು. ಗಿಡ್ಡ ಲೆನ್ಸ್ ಬಿಚ್ಚಿ ನನಗೆ ಕೊಟ್ಟಿರಿ, ಉದ್ದದ್ದನ್ನು ನಾನು ನಿಮ್ಮ ಕೈಗಿಟ್ಟೆ. ಇಟ್ಟೆ, ಸರಿಯಾದ ಹೊತ್ತಿಗೇ ಇಟ್ಟೆ. ತಿರುಗಿಸಿ ಕೂರಿಸುವಾಗ ನಿಮ್ಮ ಕೈ ತಡವರಿಸಿತು. ಅಷ್ಟರಲ್ಲಿ ವಾಲಗದವರು ಜೋರಾಗಿ ಊದಿದರು, ಪಟ ಸರಿಯಿತು, ಜೀರಿಗೆ ಬೆಲ್ಲ ಬಿತ್ತು, ಜನ ಅಕ್ಷತೆ ಎಸೆದರು. ನಿಮ್ಮ ಕೈಯಲ್ಲಿದ್ದದ್ದು ಬಾಯಿ ಕಳೆದ ಖಾಲಿ ಡಬ್ಬಿ.

ಪಟ ಮತ್ತೆ ಹಿಡಿಯಿರಿ, ಇನ್ನೊಂದು ಸಲ ಹಾಕಲಿ ಅಂತ ನೀವು ಕೇಳಿದಾಗ ಪುರೋಹಿತರಾದ ವಿದ್ಯಾಶಂಕರ ಭಟ್ಟರು, ಮುಹೂರ್ತ ನಿನ್ನ ಕ್ಯಾಮೆರಾ ಕಾಯುವುದಿಲ್ಲ ಮಾರಾಯ ಅಂತ ಬೈದರು. ಆಗ ತುಂಬಿದ ಮಂಟಪದಲ್ಲಿ ನನ್ನ ಕಡೆ ಬೆರಳು ತೋರಿಸಿ, ಇವಳು ಲೆನ್ಸ್ ಕೊಡುವುದು ತಡ ಮಾಡಿದಳು ಅಂದುಬಿಟ್ಟಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಹುಡುಗಿಯ ತಾಯಿ ನನ್ನ ತೋಳು ಹಿಡಿದು, ಇದ್ದೊಬ್ಬ ಮಗಳ ಮದುವೆ ಹಾಳು ಮಾಡಿದೆಯಲ್ಲೇ ಅಂತ ಅತ್ತಳು. ನಾನು ತಪ್ಪಾಯಿತು ಅಂದೆ. ಮಾಡದ ತಪ್ಪಿಗೆ ಕೈ ಮುಗಿದೆ. ವಾಪಸ್ ಬರುವಾಗ ನೀವು ಒಂದೇ ಒಂದು ಮಾತು ಸಮಾಧಾನ ಹೇಳಿದ್ದರೆ ಅದನ್ನೂ ನುಂಗಿಕೊಳ್ಳುತ್ತಿದ್ದೆ. ಕೊಪ್ಪ ಬರುವವರೆಗೂ ನೀವು ಬೈಕಿನ ಮೇಲೆ ಹಾಡು ಗುನುಗುತ್ತಿದ್ದಿರಿ.

ಒಂದೇ ಲೆನ್ಸ್ ಅಂತ ನಾನು ತೀರ್ಮಾನ ಮಾಡಿದ್ದು ಆ ಬೈಕಿನ ಹಿಂದಿನ ಸೀಟಿನಲ್ಲಿ. ಮಳೆಗಾಲದಲ್ಲಿ ಶಾಲೆಗಳ ಗ್ರೂಪ್ ಫೋಟೋ ತೆಗೆದು ದುಡ್ಡು ಕೂಡಿಸಿ ಆ ಝೂಮ್ ತಂದೆ.

ನವರಾತ್ರಿಯಲ್ಲಿ ಅದೊಂದನ್ನೇ ಕುತ್ತಿಗೆಗೆ ಹಾಕಿಕೊಂಡು ಶೃಂಗೇರಿಗೆ ಹೋದೆ. ತುಂಗೆಯ ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ಮೀನಿಗೆ ಮಂಡಕ್ಕಿ ಹಾಕುತ್ತಿದ್ದರು. ಮೀನು ಮುತ್ತಿಕೊಂಡಿದ್ದು, ಅಜ್ಜಿ ಹೆದರಿ ಸೆರಗು ಎತ್ತಿಕೊಂಡಿದ್ದು ತೆಗೆದೆ. ತಲೆ ಎತ್ತಿದರೆ ಆಚೆ ದಡದಲ್ಲಿ ಯಾರೋ ಪಂಚೆ ಹಿಂಡುತ್ತಿದ್ದರು, ಝೂಮ್ ತಿರುಗಿಸಿದೆ, ಅದೂ ಸಿಕ್ಕಿತು. ಎಷ್ಟು ಹಗುರ ಗೊತ್ತಾ! ಎರಡು ಕೈಯೂ ನನ್ನದೇ. ಪಕ್ಕದಲ್ಲೇ ನಿಂತು ನೋಡುತ್ತಿದ್ದ ಪದ್ಮಾಕ್ಷಿಯಮ್ಮ ಫೋಟೋ ತೋರಿಸು ಅಂದರು. ಕ್ಯಾಮೆರಾ ಯಾರದು, ಯಜಮಾನರು ಎಲ್ಲಿ ಅಂತ ಕೇಳದ ಮೊದಲನೆಯವರು ಅವರು. ಪ್ರವಾಸಕ್ಕೆ ಬರುತ್ತೀಯಾ ಅಂದಾಗ, ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂತ ಬಾಯಿಗೆ ಬಂದಿತ್ತು. ತಡೆದುಕೊಂಡು, ಬರುತ್ತೇನೆ ಅಂದೆ.

ಮೊನ್ನೆ ಶುಕ್ರವಾರ ನರಸಿಂಹರಾಜಪುರಕ್ಕೂ ಹೋಗಿದ್ದೆ, ಭದ್ರಾ ಹಿನ್ನೀರಿನ ಹತ್ತಿರ. ಹಕ್ಕಿಗಳು ಎಳ್ಳುಕಾಳಿನಷ್ಟು ಬಂದವು. ನಿಮ್ಮ ಉದ್ದ ಲೆನ್ಸ್ ಇದ್ದಿದ್ದರೆ ಗರಿ ಎಣಿಸಬಹುದಿತ್ತು ಅಂತ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ದಡದಲ್ಲಿ ಬಲೆಯ ಸಿಕ್ಕು ಬಿಡಿಸುತ್ತಿದ್ದ ಕರಿಯಣ್ಣ ಅನ್ನುವವರ ಹತ್ತಿರ ಹೋಗಿ ಕೂತೆ. ಅವರ ಬೆರಳು ತೆಗೆದೆ, ಬಲೆ ತೆಗೆದೆ, ನಕ್ಕಾಗ ಮುಖ ತೆಗೆದೆ. ಹಕ್ಕಿ ಸಿಗದಿದ್ದರೆ ಹೋಗಲಿ. ಲೋಕದಲ್ಲಿ ಇರುವುದನ್ನೆಲ್ಲ ನಾನೇ ತೆಗೆಯುತ್ತೇನೆ ಅಂತ ಹರಕೆ ಹೊತ್ತಿಲ್ಲ.

ಮುಂದೆ ಮದುವೆಗಳಲ್ಲಿ ನಿಮ್ಮ ಲೆನ್ಸ್ ಯಾರು ಹಿಡಿಯುತ್ತಾರೆ ಅಂತ ಫೋನಿನಲ್ಲಿ ಕೇಳಿದಿರಲ್ಲ. ಸೊಂಟಕ್ಕೆ ಕಟ್ಟಿಕೊಳ್ಳುವ ಚೀಲ ಬರುತ್ತದೆ, ಶಿವಮೊಗ್ಗದಲ್ಲಿ ಸಿಗುತ್ತದೆ. ಎಲ್ಲರೆದುರು ಬೈದರೂ ಅದು ಅಳುವುದಿಲ್ಲ.

ಹದಿನೆಂಟು ದಿನ ಕಳೆದ ಮೇಲೆ ನಾನು ಬರುತ್ತೇನೆ. ಅಷ್ಟರೊಳಗೆ ನೀವು ಜಯಪುರಕ್ಕೆ ಹೋಗಿ ಆ ತಾಯಿಗೆ, ತಪ್ಪು ನನ್ನದು, ನನ್ನ ಹೆಂಡತಿಯದಲ್ಲ ಅಂತ ಹೇಳಿ ಬಂದಿರಬೇಕು. ಹೇಳಿದರೆ ಕೊಪ್ಪದ ಮನೆಗೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲಿ ಅವ್ವನ ಮನೆ ಇದೆ, ಕ್ಯಾಮೆರಾ ಇದೆ, ಗ್ರೂಪ್ ಫೋಟೋ ತೆಗೆಸಿಕೊಳ್ಳುವ ಶಾಲೆಗಳಿವೆ. ಬಂದರೂ ಇನ್ನು ಮೇಲೆ ನಿಮ್ಮ ಬೆನ್ನ ಹಿಂದೆ ನಿಲ್ಲುವುದಿಲ್ಲ. ನೀವು ಮಂಟಪದ ಈ ಬದಿ ನಿಂತರೆ ನಾನು ಆ ಬದಿ ನಿಂತು ತೆಗೆಯುತ್ತೇನೆ. ಯಾರ ಫೋಟೋ ಚೆನ್ನಾಗಿದೆ ಅಂತ ಮದುವೆ ಮನೆಯವರು ಹೇಳಲಿ.

ಬಿಪಿ ಮಾತ್ರೆ ಫ್ರಿಜ್ಜಿನ ಮೇಲಿದೆ, ತಪ್ಪಿಸಬೇಡಿ. ಉದ್ದ ಲೆನ್ಸಿಗೆ ಒಳಗಡೆ ಬೂಷ್ಟು ಹಿಡಿಯುವ ಹಾಗೆ ಕಾಣುತ್ತದೆ, ಬಲ್ಬ್ ಉರಿಯುವ ಪೆಟ್ಟಿಗೆಯಲ್ಲೇ ಇಡಿ. ಸಾರಿಗೆ ಉಪ್ಪು ಎರಡು ಸಲ ಹಾಕಿಕೊಳ್ಳಬೇಡಿ.

ಇಂತಿ ನಿಮ್ಮ ಹೆಂಡತಿ, ಫೋಟೋಗ್ರಾಫರ್
ಸುಮಲತಾ

ತಾ. ಕ.: ಗುರುವಾರ ಅಂತ ಫೋನಿನಲ್ಲಿ ಹೇಳಿದ್ದೂ ಸುಳ್ಳು, ಮೇಲೆ ಬರೆದದ್ದೂ ಸುಳ್ಳು. ನಾವು ಹೊರಡುವುದು ನಾಳೆ, ಸೋಮವಾರ. ಅವ್ವ ಬುಧವಾರ ಬಂದು ಈ ಕಾಗದ ನಿಮ್ಮ ಕೈಗೆ ಕೊಡುವ ಹೊತ್ತಿಗೆ ನಾನು ಬಾದಾಮಿ ದಾಟಿರುತ್ತೇನೆ. ನೀವು ಬಸ್ ಸ್ಟ್ಯಾಂಡಿನಲ್ಲಿ ಗಲಾಟೆ ಮಾಡುತ್ತೀರಿ ಅಂತ ಹೆದರಿ ಹೀಗೆ ಮಾಡಿದೆ ಅಂದುಕೊಳ್ಳಬೇಡಿ, ಗಲಾಟೆ ಮಾಡಲು ನನಗೂ ಬರುತ್ತದೆ. ನೀವು ಬಂದು ಕಿಟಕಿಯ ಹತ್ತಿರ ನಿಂತು, ಹೋಗಬೇಡ ಕಣೇ ಅಂತ ಮೆಲ್ಲಗೆ ಒಂದು ಸಲ ಅಂದಿದ್ದರೆ, ನಾನು ಇಳಿದು ಬಂದುಬಿಡುತ್ತಿದ್ದೆ.