ಪಾಂಡವರ ಮನೆಯ ಹಪ್ಪಳ

ಅತ್ತೆಯವರಿಗೆ, ನಿಮ್ಮ ಹಿರೀ ಸೊಸೆ ಸುಜಾತಳ ನಮಸ್ಕಾರ. ನೀವಿದ್ದಾಗ ಇಷ್ಟು ಮಾತಿಗೆ ಕೂತಿದ್ದರೆ "ಸಾಕು ಸುಮ್ನಿರಮ್ಮ, ಹಿಟ್ಟು ಆರೋಗುತ್ತೆ" ಎಂದು ಬಾಯಿ ಮುಚ್ಚಿಸುತ್ತಿದ್ದಿರಿ. ಈಗ ಪೂರ್ತಿ ಕೇಳಲೇಬೇಕು, ಬೇರೆ ದಾರಿಯಿಲ್ಲ.

ಮಂಚೇನಹಳ್ಳಿಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ನೀವು ನನ್ನನ್ನು ಹಿಪ್ಪುನೇರಳೆ ತೋಟದಾಚೆ ಕರೆದುಕೊಂಡು ಹೋಗಿ ಪಾಂಡವರ ಮನೆ ತೋರಿಸಿದ್ದಿರಿ. ನಿಲ್ಲಿಸಿದ ಚಪ್ಪಡಿಗಳ ಮೇಲೆ ಇನ್ನೊಂದು ದೊಡ್ಡ ಚಪ್ಪಡಿ ಹೊದಿಸಿದ ಕಲ್ಲುಮನೆ. ಅರ್ಧ ಮಣ್ಣಲ್ಲಿ ಹೂತು ಸೊಂಟದೆತ್ತರ ಉಳಿದಿತ್ತು. ವನವಾಸದಲ್ಲಿ ಪಾಂಡವರು ಇಲ್ಲೇ ಮಲಗಿದ್ದರು ಎಂದಿರಿ. ಭೀಮ ಇದರೊಳಗೆ ಹೇಗೆ ಹಿಡಿಸಿದ ಎಂದು ಕೇಳಿದೆ. "ಕಾಲು ಮಡಿಸ್ಕೊಂಡ್ ಮಲ್ಗಿದ್ದ ಕಣೇ" ಎನ್ನುತ್ತಾ ಮೇಲಿನ ಚಪ್ಪಡಿಗೆ ಒದ್ದೆ ಪಂಚೆ ಹಾಸಿ ರಾಗಿ ಹಪ್ಪಳ ಹಾಕಲು ಶುರು ಮಾಡಿದಿರಿ. ಬಿಸಿಲಿಗೆ ಕಾದ ಆ ಕಲ್ಲಿನ ಮೇಲೆ ಒಣಗಿದರೇನೇ ಹಪ್ಪಳಕ್ಕೆ ಗರಿ ಬರುವುದು ಎಂಬುದು ನಿಮ್ಮ ನಂಬಿಕೆ. ಮೂಲೆಯಲ್ಲಿ ಭೀಮನ ಪಾಲಿಗೆಂದು ಒಂದು ಬಿಡುತ್ತಿದ್ದಿರಿ. ಅದನ್ನು ಕಾಗೆ ಒಯ್ಯುತ್ತಿತ್ತು. ಉಳಿದದ್ದು ಶಿಡ್ಲಘಟ್ಟದ ಸಂತೆಯಲ್ಲಿ ಬುಟ್ಟಿ ಇಳಿಸಿದ್ದೇ ತಡ, ಖಾಲಿ.

ಚಿಕ್ಕಬಳ್ಳಾಪುರದ ಕಾಲೇಜಿನಿಂದ ಆ ಇತಿಹಾಸದ ಮೇಡಂ ಬಂದ ದಿನ ನೆನಪಿದೆಯಾ? ಇನ್ನೂ ಹುಡುಗಿ. ಕಲ್ಲುಮನೆ ಕಂಡು ಕುಣಿಯುವುದೊಂದು ಬಾಕಿ. "ಅಜ್ಜಿ, ಇದು ಮನೆಯಲ್ಲ, ಸಾವಿರಾರು ವರ್ಷದ ಹಿಂದಿನೋರ ಸಮಾಧಿ. ಇದರ ಮೇಲೆ ಏನೂ ಇಡ್ಬೇಡಿ" ಎಂದಳು. ಒಳ್ಳೆಯದಕ್ಕೇ ಹೇಳಿದಳು, ಪಾಪ. ಸಂಜೆಯೊಳಗೆ ಊರೆಲ್ಲ ಅದೇ ಮಾತು. ಎದುರು ಮನೆ ಸಾವಿತ್ರಕ್ಕ ಡಬ್ಬ ಸಮೇತ ಹಪ್ಪಳ ವಾಪಸ್ ತಂದು, "ಗೋರಿ ಮೇಲೆ ಒಣಗ್ಸಿದ್ದು ನಮ್ಗೆ ಬ್ಯಾಡಮ್ಮ" ಎಂದು ಜಗುಲಿಯ ಮೇಲಿಟ್ಟು ಹೋದಳು. ನೀವು ಬಿಟ್ಟಿರಾ? "ಸತ್ತೋರು ಯಾವತ್ತಾದ್ರೂ ಹಪ್ಪಳ ಕದ್ದವ್ರೇನೇ? ಕೋತಿ ಕದ್ದೈತೆ, ಕಾಗೆ ಕದ್ದೈತೆ!" ಎಂದು ಬೀದಿಗೆ ಕೇಳುವ ಹಾಗೆ ಕೂಗಿದಿರಿ. ಎಲ್ಲರೂ ನಕ್ಕರು, ಊರಲ್ಲೂ ಸಂತೆಯಲ್ಲೂ ಯಾರೂ ಕೊಳ್ಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಊರು ನಮ್ಮದು. ನನಗೆ ಆ ಸಿಟ್ಟು ಬಹಳ ದಿನ ಇಳಿಯಲಿಲ್ಲ.

ನೀವು ಅಲ್ಲಿಗೆ ಹೋಗುವುದು ನಿಂತಿತು. ಸುತ್ತಲಿದ್ದ ಸಣ್ಣ ಕಲ್ಲುಮನೆಗಳ ಚಪ್ಪಡಿಗಳು ಒಂದೊಂದಾಗಿ ಯಾರದೋ ಬಚ್ಚಲಿಗೆ, ಯಾರದೋ ಚರಂಡಿಗೆ ಹೋದವು. ನಿಮ್ಮ ಹಪ್ಪಳಕ್ಕೆ ಕೂತ ಕಾವಲು ಕಲ್ಲಿಗೂ ಕಾವಲಾಗಿತ್ತು ಎಂದು ನಮಗೆ ಹೊಳೆದದ್ದು ಆಗಲೇ. ಹಾಸಿಗೆ ಹಿಡಿದ ಮೇಲೂ "ನಮ್ ಪಾಂಡವರ ಮನೆ ಐತೇನೇ?" ಎಂದು ಕೇಳುತ್ತಿದ್ದಿರಿ. ಇದೆ ಅತ್ತೆ, ಎನ್ನುತ್ತಿದ್ದೆ. ಇನ್ನೆಷ್ಟು ದಿನವೋ ಎಂಬುದನ್ನು ಮಾತ್ರ...

ನೀವು ಹೋದ ಮೇಲೆ ಮೇಡಂ ಮತ್ತೆ ಬಂದಳು. ನಿಮ್ಮ ವ್ಯಾಪಾರ ಹೇಗೆ ನಿಂತಿತು ಎಂದು ತಿಳಿದು ಅವಳ ಮುಖ ಸಣ್ಣಗಾಯಿತು. "ಅಕ್ಕ, ನೀವು ಮತ್ತೆ ಶುರು ಮಾಡಿ. ಕಲ್ಲು ನೋಡೋಕೆ ನಾನು ಜನರನ್ನ ಕರ್ಕೊಂಡು ಬರ್ತೀನಿ" ಎಂದಳು. ನಾನೂ ನಿಮ್ಮ ಕಿರೀ ಸೊಸೆ ರತ್ನಳೂ ಊರಿನ ಮಹಿಳಾ ಸಂಘದ ಹೆಂಗಸರನ್ನು ಸೇರಿಸಿದೆವು. ಕಲ್ಲು ಮುಟ್ಟುವ ಹಾಗಿಲ್ಲವಲ್ಲ, ಒಣಗಿಸುವುದೆಲ್ಲಿ? ರೇಷ್ಮೆ ಹುಳ ಗೂಡು ಕಟ್ಟಲು ಬಿಡುತ್ತಿದ್ದ ಬಿದಿರಿನ ತಟ್ಟಿಗಳು, ಚಂದ್ರಿಕೆಗಳು, ಅಟ್ಟದಲ್ಲಿದ್ದವು. ಅವನ್ನು ಮಗುಚಿ ಪಂಚೆ ಹಾಸಿದೆವು. ಗರಿ ನಿಮ್ಮಷ್ಟಿಲ್ಲ, ಒಪ್ಪುತ್ತೇನೆ. ಆದರೂ ಗೌರಿಬಿದನೂರಿನ ಶಾಲೆ ಮಕ್ಕಳು, ಚಿಂತಾಮಣಿಯ ಮೇಷ್ಟರುಗಳು ಕಲ್ಲು ನೋಡಿ, ಹೊಂಗೆ ಮರದಡಿ ಮಜ್ಜಿಗೆ ಕುಡಿದು, ಹಪ್ಪಳ ಕಟ್ಟಿಸಿಕೊಂಡು ಹೋಗುತ್ತಾರೆ. ಗಡಿಯಾಚೆಯಿಂದ ಬಂದ ಅಜ್ಜಿಯೊಬ್ಬರು "ಭಲೇ ಉಂದಮ್ಮಾ", ಬಲು ಚೆನ್ನಾಗಿದೆ ಅಂತ ತೆಲುಗಲ್ಲಿ ಹೊಗಳಿದರೆ ರತ್ನ ಉಬ್ಬಿಹೋದಳು.

ಅಷ್ಟರಲ್ಲಿ ನಿಮ್ಮ ಕಿರಿಮಗ ನರಸಿಂಹನ ತಲೆಗೆ ಹುಳ ಹೊಕ್ಕಿತು. ರೇಷ್ಮೆ ಸಾಕಲು ಕಟ್ಟುತ್ತಿದ್ದ ಹೊಸ ಹುಳುಮನೆಯ ಬಾಗಿಲಿಗೆ ಹಾಸಲು ಆ ಚಪ್ಪಡಿಯೇ ಬೇಕಂತೆ. ಟ್ರ್ಯಾಕ್ಟರ್, ಸರಪಳಿ ಎಲ್ಲ ತಂದ. ನಾನು ಓಡಿಹೋಗುವಷ್ಟರಲ್ಲಿ ರತ್ನ ಹಿಟ್ಟಿನ ಪಾತ್ರೆ ಇಟ್ಟುಕೊಂಡು ಟ್ರ್ಯಾಕ್ಟರಿನ ಮುಂದೆಯೇ ಕೂತಿದ್ದಳು.

"ಏಳೇ, ನಮ್ ಜಮೀನು, ನಮ್ ಕಲ್ಲು" ಎಂದ ಅವನು.

"ಕಲ್ಲು ಹೋದ್ರೆ ನೋಡೋಕ್ ಯಾರ್ ಬರ್ತಾರೆ? ಯಾರೂ ಬರ್ಲಿಲ್ಲ ಅಂದ್ರೆ ಹಪ್ಪಳ ಯಾರ್ಗೆ ಮಾರ್ಲಿ? ಅತ್ತೆ ಅಂಗ್ಡಿ ಊರೋರು ಮುಚ್ಚಿಸಿದ್ರು, ನಂದು ನೀನ್ ಮುಚ್ಚಿಸ್ತೀಯಾ?"

ಅವನು ಸರಪಳಿ ಸುತ್ತತೊಡಗಿದ. ಹೆಂಡತಿ ಅಂದದ್ದಕ್ಕೋ ನಿಮ್ಮ ಹೆಸರು ಬಂದದ್ದಕ್ಕೋ, ಗೊತ್ತಿಲ್ಲ. ಟ್ರ್ಯಾಕ್ಟರ್ ಮಾತ್ರ ಹಿಂದಕ್ಕೆ ಹೋಯಿತು. ನನಗೆ ಅಲ್ಲೇ ಅಳು ಬಂತು, ಅತ್ತೆ.

ಇನ್ನು ನಿಮಗೆ ತಲುಪಲೇಬೇಕಾದ ಸುದ್ದಿ. ಮೊನ್ನೆ ಸಾವಿತ್ರಕ್ಕ ಡಬ್ಬ ಹಿಡಿದು ಬಂದಳು, ಅದೇ ಡಬ್ಬ. ಮಗಳ ಸೀಮಂತವಂತೆ. "ಅಂಗ್ಡೀದು ಬ್ಯಾಡ, ಪಾಂಡವರ ಮನೆ ಹಪ್ಪಳಾನೇ ಕೊಡು" ಎಂದಳು. ಚುಚ್ಚುವ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಡಬ್ಬ ತುಂಬಿಸಿ ಕೊಟ್ಟೆ.

ಪಾಂಡವರ ಮನೆ ಇದೆ ಅತ್ತೆ. ಈಗ ಧೈರ್ಯವಾಗಿ ಹೇಳುತ್ತೇನೆ. ಕಲ್ಲಿನ ಮೇಲೆ ಏನೂ ಇಡುವುದಿಲ್ಲ; ಪಕ್ಕದಲ್ಲಿ ಮುತ್ತುಗದೆಲೆ ಹಾಸಿ ಭೀಮನಿಗೊಂದು ಹಪ್ಪಳ ಇಡುತ್ತೇವೆ. ಈಚೆಗೆ ಅದರ ಜೊತೆಗೆ ಇನ್ನೊಂದು. ಸತ್ತವರು ಹಪ್ಪಳ ಕದಿಯುವುದಿಲ್ಲ ಎಂದಿದ್ದಿರಲ್ಲ, ನೀವಾದರೂ ಬಂದು ಒಂದು ಕದ್ದು ತಿನ್ನಿ. ಉಪ್ಪು ಸರಿಯಾಗಿದೆಯಾ ಎಂದು ಕೇಳಲು ನನಗೆ ಬೇರೆ ಯಾರಿದ್ದಾರೆ?