ಖಾಲಿ ಎಂದು ಗುರುತಿಸಿದ ನೆಲ

ಮಾರ್ಚ್ ೧೪, ಶುಕ್ರವಾರ

ನನ್ನ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೈದುಕೋ, ಆಮೇಲೆ ಹೊಟ್ಟೆಗೆ ಹಾಕಿಕೋ. ಪೆನ್ನು ಹಿಡಿದು ಕೂತಾಗಲೆಲ್ಲ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಫೋನು ಮಾಡೋಣವೆಂದರೆ ನಿಮ್ಮ ಗುಡ್ಡದಲ್ಲಿ ಸಿಗ್ನಲ್ ಇಲ್ಲವೆಂದು ನೀನೇ ಹೇಳಿದ್ದೀಯ. ಅಪರೂಪಕ್ಕೆ ಸಿಕ್ಕಾಗಲೂ ನಿನಗೆ ಸದಾ ಅವಸರ.

ನಿಮ್ಮಪ್ಪ ಆರಾಮಾಗಿದ್ದಾರೆ. ಮಂಡಿ ನೋವು ಇದ್ದಲ್ಲೇ ಇದೆ, ಬಾಯಿಯೂ ಇದ್ದಲ್ಲೇ ಇದೆ. ಅಂಗಡಿ ಮುಚ್ಚಿದ ಮೇಲೂ ಯಾರ್ಯಾರದೋ ಕೈಗಡಿಯಾರ ಬಿಚ್ಚಿಕೊಂಡು ಕಿಟಕಿಯ ಹತ್ತಿರ ಕೂತಿರುತ್ತಾರೆ. ಮೊನ್ನೆ ನಾನು ಬರುವುದು ತಡವಾದಾಗ, "ಸೂರ್ಯ ನಿಮ್ಮ ಆಫೀಸಲ್ಲೇ ಹುಟ್ಟಿ ಅಲ್ಲೇ ಮುಳುಗ್ತಾನೇನೋ. ನಮ್ಮನೆ ಕಡೆ ತಲೆನೇ ಹಾಕಲ್ಲ" ಎಂದರು. ನಗು ಬರಲಿಲ್ಲ. ಚಪ್ಪಲಿ ಬಿಚ್ಚುವುದಕ್ಕೂ ಬಗ್ಗಲಾಗದಷ್ಟು ಸುಸ್ತಾಗಿತ್ತು. ಸುಗ್ಗಿ ಹತ್ತಿರ ಬಂತೆಂದು ಸಾಸಿವೆ ಎಣ್ಣೆಯ ಡಬ್ಬಿಯನ್ನು ತೊಳೆದು, ಅಡುಗೆಮನೆಯ ಕಟ್ಟೆಯ ಮೇಲೆ ಕವುಚಿಟ್ಟಿದ್ದಾರೆ. ನೀನು ಕಳಿಸುತ್ತೀಯಲ್ಲ, ಅದಕ್ಕೆ.

ಆಫೀಸಿನ ಸಂಗತಿ ಹೇಳುತ್ತೇನೆ, ಅದು ನಿನಗೂ ಸಂಬಂಧಪಟ್ಟದ್ದು. ಚಿಕ್ಕವಳಿದ್ದಾಗ ಯಾರಾದರೂ ಕೇಳಿದರೆ "ನಮ್ಮಮ್ಮ ಬಿಸಿಲು ಅಳೀತಾಳೆ" ಎನ್ನುತ್ತಿದ್ದೆ. ಬಿಸಿಲು ಅಳೆಯುವುದು ಸುಲಭ ಕಣೆ, ಕಷ್ಟವೆಲ್ಲ ನೆಲದ್ದು. ಇಡೀ ಸೀಮೆಯ ನಕ್ಷೆ ಹರಡಿಕೊಂಡು ಕಳೆಯುತ್ತ ಹೋಗುತ್ತೇವೆ. ಕಾಡು ಬೇಡ, ಕೆರೆ ಬೇಡ, ಕಡಿದಾದ ಇಳಿಜಾರು ಬೇಡ, ಊರು ಬೇಡ, ರಸ್ತೆ ಬೇಡ, ಬೆಳೆ ಇರುವ ಹೊಲ ಬೇಡ. ಉಳಿದದ್ದು ಖಾಲಿ ನೆಲ. ಅದರ ತುಂಬ, ಒಂದರ ನೆರಳು ಇನ್ನೊಂದರ ಮೇಲೆ ಬೀಳದ ಹಾಗೆ ಸೌರ ಫಲಕಗಳನ್ನು ನಿಲ್ಲಿಸಿದರೆ ಎಷ್ಟು ವಿದ್ಯುತ್ ಬಂದೀತೋ ಅದು ಆ ಸೀಮೆಯ ತಾಂತ್ರಿಕ ಸಾಮರ್ಥ್ಯ. ಜಾಗ ಯಾರು ಬಿಟ್ಟುಕೊಡುತ್ತಾರೆ, ಆಮೇಲೆ ಯಾರು ಅಳುತ್ತಾರೆ ಎನ್ನುವುದು ಈ ಲೆಕ್ಕದಲ್ಲಿ ಬರುವುದಿಲ್ಲ. ಅದಕ್ಕೆ ಬೇರೆ ಇಲಾಖೆ ಇದೆ.

ಈ ಸಲದ ಮೊತ್ತ ಭಾರೀ ಬಂದಿತ್ತು. ನಿರ್ದೇಶಕರು ಕುರ್ಚಿಯಲ್ಲಿ ಕೂರಲಾರದಷ್ಟು ಖುಷಿಯಲ್ಲಿದ್ದರು. ಎಲ್ಲರೂ ಒಬ್ಬರಿಗೊಬ್ಬರು ಬೆನ್ನು ತಟ್ಟಿಕೊಂಡದ್ದೇ ತಟ್ಟಿಕೊಂಡದ್ದು. ನಾನು ಸುಮ್ಮನೆ ಕುತೂಹಲಕ್ಕೆ ನಕ್ಷೆಯಲ್ಲಿ ನಿಮ್ಮ ಗುಡ್ಡವನ್ನು ಹುಡುಕಿದೆ. ನೀವು ಕಲ್ಲು ಆಯ್ದು ಆಯ್ದು ಹಸನು ಮಾಡಿದ ಆ ಹೊಲಕ್ಕೆ ಹಳದಿ ಬಣ್ಣ ಬಳಿದಿತ್ತು. ನಮ್ಮಲ್ಲಿ ಹಳದಿ ಎಂದರೆ ಖಾಲಿ. ನಕ್ಷೆ ಹೊರಗೆ ಹೋದ ಮಾರನೆಯ ದಿನದಿಂದಲೇ ಕಂಪನಿಯವರು ಹಳದಿ ಇದ್ದಲ್ಲಿಗೆ ಗೂಟ ಹಿಡಿದು ಹೊರಡುತ್ತಾರೆ.

ಎಲ್ಲಿ ತಪ್ಪಾಯಿತೆಂದು ಹುಡುಕಿದಾಗ ನೀನು ಹೇಳಿಕೊಟ್ಟದ್ದೇ ನೆನಪಾಯಿತು. ಆ ಮೇಲ್ಸೀಮೆಯಲ್ಲಿ ಒಂದು ವರ್ಷ ಬಿತ್ತಿದರೆ ಮರುವರ್ಷ ನೆಲವನ್ನು ಸುಮ್ಮನೆ ಬಿಡುತ್ತಾರೆ, ಅಲ್ಲವೆ? ನಾವು ಉಪಗ್ರಹದ ಚಿತ್ರ ಕೊಳ್ಳುವುದೂ ವರ್ಷ ಬಿಟ್ಟು ವರ್ಷ, ಅಷ್ಟಕ್ಕೇ ನಮ್ಮ ಯೋಗ್ಯತೆ. ಹೀಗಾಗಿ ನಾವು ಇಣುಕಿದಾಗಲೆಲ್ಲ ಆ ಹೊಲಗಳು ಮಲಗಿದ್ದವು. ಮೂರು ಚಿತ್ರದಲ್ಲೂ ಬೋಳು, ಆದ್ದರಿಂದ ಖಾಲಿ. ದಣಿದು ಒರಗಿದವರನ್ನು ಸತ್ತರೆಂದು ಬರೆದುಕೊಂಡ ಹಾಗೆ.

ಹೇಳಿದ್ದಕ್ಕೆ ನಿರ್ದೇಶಕರು ಮುಖ ಗಂಟು ಹಾಕಿಕೊಂಡರು. "ಅದನ್ನೆಲ್ಲ ಕಳೀತಾ ಹೋದ್ರೆ ಉಳಿಯೋದೇನಮ್ಮ? ನಿವೃತ್ತಿಗೆ ಇಷ್ಟು ಹತ್ರ ಇದ್ದೀರಿ, ಈಗ ಯಾಕೆ ಈ ಉಸಾಬರಿ?" ಎಂದರು. ನಾನೂ ಬಿಡಲಿಲ್ಲ. "ಅಲ್ಲಿ ನನ್ನ ಮಗಳೇ ಬೇಸಾಯ ಮಾಡ್ತಾಳೆ ಸಾರ್. ಹಿಂದಿನ ಸುಗ್ಗೀಲಿ ಅವಳು ಕಳಿಸಿದ ಎಣ್ಣೆ ನೀವೇ ತಿಂದಿಲ್ವಾ?" ಎಂದೆ. ಕೊನೆಗೆ, ಕೆಲವು ಹೊಲಗಳನ್ನು ಕಣ್ಣಾರೆ ಕಂಡು ಬಂದು ಹೇಳಿದರೆ ಒಪ್ಪುತ್ತೇನೆ ಎಂದು ಜೀಪು ಕೊಟ್ಟರು. ಜೀಪು ಎನ್ನುವುದು ಅದಕ್ಕೆ ಮರ್ಯಾದೆ. ನನ್ನ ಸೊಂಟದ ಒಂದೊಂದು ಮೂಳೆಯನ್ನೂ ಎಣಿಸಿ ಕೊಟ್ಟಿತು.

ಇದು ಬಿತ್ತುವ ವರ್ಷವಲ್ಲವೆ, ನಾವು ಖಾಲಿ ಎಂದ ಕಡೆಯೆಲ್ಲ ಸಾಸಿವೆ ಎದೆಯುದ್ದ ನಿಂತಿತ್ತು. ಒಂದು ಕಡೆ ಮುದುಕಿಯೊಬ್ಬಳು ನನ್ನ ಕೈಯಲ್ಲಿದ್ದ ನಕ್ಷೆ ಇಸಿದುಕೊಂಡು ನೋಡಿ, "ಖಾಲಿ ಅಂತ ಬರ್ದೋರ ತಲೆ ಖಾಲಿ" ಎಂದು ಬಾಯಿಗೆ ಬಂದಂತೆ ಬೈದಳು. ಬರೆದವಳು ನಾನೇ ಎಂದು ಹೇಳುವ ಧೈರ್ಯವಾಗಲಿಲ್ಲ. ಅವಳೇ ಕುಡಿಯಲು ನೀರು ಕೊಟ್ಟು ನೆರಳಿಗೆ ಕೂರಿಸಿದಳು.

ನಿರ್ದೇಶಕರು ಒಪ್ಪಿದರು. ಮಲಗಿದ ಹೊಲಗಳೆಲ್ಲ ಲೆಕ್ಕದಿಂದ ಹೊರಗೆ ಹೋದವು. ಮೊತ್ತ ಜರ್ರನೆ ಇಳಿದಿದೆ, ಆಫೀಸಿನಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಗೆದ್ದೆನೋ ಸೋತೆನೋ ಗೊತ್ತಾಗುತ್ತಿಲ್ಲ ಪುಟ್ಟಿ. ದಣಿವೊಂದೇ ಗೊತ್ತಾಗುತ್ತಿದೆ. ಈಗ ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಬುತ್ತಿಯ ಮುಚ್ಚಳ ತೆರೆಯುವ ಮನಸ್ಸೂ ಇಲ್ಲ.

ಹೊತ್ತಿಗೆ ಸರಿಯಾಗಿ ತಿನ್ನು. ತಲೆಸ್ನಾನ ಮಾಡಿದಾಗ ಒದ್ದೆಗೂದಲು ಕಟ್ಟಿಕೊಳ್ಳಬೇಡ, ನಿನಗೆ ಶೀತ ಬೇಗ. ಎಲ್ಲಿದ್ದರೂ ತಣ್ಣಗಿರು, ನಿನ್ನ ಕೈ ಸೋಲದಿರಲಿ.

ನಿನ್ನ
ಅಮ್ಮ

ಮರೆತ ಮಾತು: ಸುಳ್ಳು, ಮರೆತಿರಲಿಲ್ಲ. ಬರೆಯಲು ಕೈ ಬಂದಿರಲಿಲ್ಲ. ಅಳಿಯನನ್ನು ಕೇಳಿದೆ ಎಂದು ಈ ಸಲ ಬರೆದಿಲ್ಲ, ನೀನು ಗಮನಿಸಿರುತ್ತೀಯ. ನೋಡಬೇಕಾದ ಹೊಲಗಳಲ್ಲಿ ನಿನ್ನದನ್ನು ನಾನೇ ಬೇಕೆಂದು ಸೇರಿಸಿಕೊಂಡಿದ್ದೆ, ಹೇಳದೆ ಬಂದು ನಿನ್ನನ್ನು ಬೆಚ್ಚಿ ಬೀಳಿಸಬೇಕೆಂದು. ಸೊಂಟದ ಎತ್ತರಕ್ಕೆ ಮುಳ್ಳುಕಂಟಿ ಬೆಳೆದಿತ್ತು. ಮನೆಯ ಬಾಗಿಲು ಹಾರುಹೊಡೆದಿತ್ತು. ಪಕ್ಕದಲ್ಲಿ ಜೇನು ಸಾಕುವ ಹೆಂಗಸು ಬಂದು, "ಅಯ್ಯೋ, ಅವ್ರಿಬ್ರೂ ಬೇರೆ ಬೇರೆ ಆಗಿ ಎರಡು ವರ್ಷ ಆಯ್ತಲ್ಲಮ್ಮ. ಹೊಲ ಹೂ ಬಿಟ್ಟಿದ್ದಾಗಲೇ ಹೋದ್ರು. ನೀವು ಯಾರು?" ಎಂದು ಕೇಳಿದಳು. ತಾಯಿ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಾಯಿತು. ನನ್ನ ಕಾಗದಗಳನ್ನು ನಿನಗೆ ಮುಟ್ಟಿಸುತ್ತಿದ್ದವಳೂ ಅವಳೇ ಅಂತೆ. ನೀನೀಗ ಕೆಲಸಕ್ಕಿರುವ ಲಾಂಡ್ರಿಯ ವಿಳಾಸ ಅವಳು ಕೊಟ್ಟಳು, ಅದಕ್ಕೇ ಇದು ನೇರವಾಗಿ ಅಲ್ಲಿಗೆ ಬರುತ್ತಿದೆ.

ನಿನ್ನ ಸಂಸಾರ ಮುರಿದದ್ದಕ್ಕೆ ನನಗೆ ಸಿಟ್ಟಿಲ್ಲ. ಅದನ್ನು ಜೇನಿನವಳಿಗೆ ಹೇಳಿ ನನಗೆ "ಈ ಸಲ ಹೂವು ಚೆನ್ನಾಗಿ ಬಂದಿದೆ ಅಮ್ಮ" ಎಂದು ಬರೆದೆಯಲ್ಲ, ಅದು ಕರುಳಿಗೆ ತಾಗಿದೆ. ಹಿಂದಿನ ಸುಗ್ಗಿಯಲ್ಲಿ ಕಳಿಸಿದ ಎಣ್ಣೆ ಯಾವ ಅಂಗಡಿಯದು ಪುಟ್ಟಿ? ಅದನ್ನು ಮೂಸಿ ನೋಡಿ ಎಂದು ಇಡೀ ಆಫೀಸಿನ ಮೂಗಿಗೆ ಹಿಡಿದಿದ್ದೆ. ನಾನು ಹೋದಲ್ಲೆಲ್ಲ ನಿನ್ನ ಬಗ್ಗೆ ಕೊಚ್ಚಿಕೊಳ್ಳುತ್ತೇನೆಂದು ಹೆದರಿ ಮುಚ್ಚಿಟ್ಟೆಯಾ?

ಯಾವ ಹೊಲಕ್ಕಾಗಿ ಅಷ್ಟು ಜಗಳವಾಡಿದೆನೋ ಅದನ್ನೇ ಖಾಲಿ ಎಂದು ಬರೆದು ಸಹಿ ಹಾಕಿ ಬಂದೆ. ಸುಳ್ಳು ಬರೆಯಲಾಗಲಿಲ್ಲ. ಅದು ಹಳದಿಯಾಗಿಯೇ ಉಳಿಯುತ್ತದೆ. ಅಪ್ಪನಿಗೆ ಇನ್ನೂ ಹೇಳಿಲ್ಲ, ಡಬ್ಬಿ ಕಟ್ಟೆಯ ಮೇಲೆ ಕವುಚಿಕೊಂಡೇ ಇದೆ. ಎಣ್ಣೆ ಕೊಂಡು ಕಳಿಸಬೇಡ. ನೀನು ಬಾ, ಬರಿಗೈಯಲ್ಲಿ ಬಾ.