ಹತ್ತಕ್ಕೆ ಹತ್ತೂ ತಪ್ಪು

ಅಂಗಡಿಯಿಂದ,
ಗುರುವಾರ, ೧೪ನೇ ತಾರೀಕು

ತಮ್ಮನಿಗೆ,

ಅಕ್ಕ ಮಾಡಬೇಕಾದ ಆಶೀರ್ವಾದಗಳು ಈ ಸಲ ತಡವಾಗಿ ಬರುತ್ತವೆ. ಇಲ್ಲಿ ನಾನು ಕ್ಷೇಮವಾಗಿಲ್ಲ. ಅಲ್ಲಿ ನೀನು ಕ್ಷೇಮವಾಗಿದ್ದೀಯ ಎನ್ನುವುದು ನಿಮ್ಮ ಕಂಪನಿಯ ಜಾಹೀರಾತು ನೋಡಿ ತಿಳಿಯಿತು.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಸೋಮವಾರ ಮಾಡಿದೆ, ಏನಾಯಿತು? ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ನಾಲ್ಕು ಆಡಿದೆ, ಕೊನೆಗೆ ಮೀಟಿಂಗ್ ಇದೆ ಅಂತ ಇಟ್ಟುಬಿಟ್ಟೆ. ಕಾಗದಕ್ಕೆ ನಡುವೆ ಬಾಯಿ ಹಾಕಲು ಆಗುವುದಿಲ್ಲ. ಪೂರ್ತಿ ಓದು. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಯಾಕೆಂದರೆ ಬೇಕಾದ್ದನ್ನು ಮಾತ್ರ ನೆನಪಿಟ್ಟುಕೊಳ್ಳುವ ಅಭ್ಯಾಸ ನಿನ್ನದು, ಯಾವುದನ್ನೂ ಮರೆಯಲಾಗದ ಕಾಯಿಲೆ ನನ್ನದು.

ಅಪ್ಪ ಆ ಸಿಂಥಸೈಜರನ್ನು ಯಾರೋ ವಾದ್ಯದವರಿಂದ ಸೆಕೆಂಡ್ ಹ್ಯಾಂಡ್ ತಂದಾಗ ನನಗೆ ಹನ್ನೊಂದು ವರ್ಷ, ನಿನಗೆ ನಾಲ್ಕು. ರೇಡಿಯೋ ನಾಟಕಗಳಿಗೆ ಹಿನ್ನೆಲೆ ಸದ್ದು ಮಾಡಿಕೊಡುತ್ತಿದ್ದ ಅಪ್ಪನಿಗೆ ಅದೇ ಗಾಳಿ, ಅದೇ ರೈಲು, ಹೋದವರು ತಿರುಗಿ ಬಂದು ಬಾಗಿಲು ತಟ್ಟುವ ಸದ್ದೂ ಅದೇ. ಒಳಗೆ ಆರು ಸರ್ಕ್ಯೂಟ್ ಬೋರ್ಡು, ಒಂದೊಂದಕ್ಕೂ ಒಂದೊಂದು ಕಂಠ. ಒಂದಾದ ಮೇಲೊಂದು ಕೀ ಒತ್ತಿದರೆ ಆರೂ ಸರದಿಯಲ್ಲಿ ನಿಂತವರ ಹಾಗೆ ಒಬ್ಬೊಬ್ಬರಾಗಿ ಹಾಡುತ್ತವೆ. ಮೂರನೆಯ ಬೋರ್ಡಿಗೆ ಅಪ್ಪ ಇಟ್ಟ ಹೆಸರು ಸೋಮಾರಿ. ಸ್ವಿಚ್ ಹಾಕಿದ ಮೇಲೆ ಉಳಿದ ಐದೂ ಬೇಗ ಶ್ರುತಿಗೆ ಬರುತ್ತಿದ್ದವು. ಇವನು ಮಾತ್ರ ಮೈ ಬಿಸಿಯಾಗುವವರೆಗೆ ಕೆಳಗೇ ಗೊಣಗುತ್ತಿದ್ದ. ಅಪ್ಪ ಸ್ವಿಚ್ ಹಾಕಿ ಗಡ್ಡ ಹೆರೆದುಕೊಳ್ಳಲು ಹೋಗುವರು. ಅಲ್ಲಿಂದಲೇ, ಸೋಮಾರಿ ಎದ್ನೇನೇ ಅಂತ ಕೂಗುವರು. ನಾನು ಆರು ಕೀ ಒತ್ತಿ ನೋಡಿ, ಇನ್ನೂ ಆಕಳಿಸ್ತಿದಾನಪ್ಪಾ ಎನ್ನುವೆ. ಬಿಸಿಯಾದ ಮೇಲೂ ಅವನ ಸ್ವರ ಒಂದು ಕೂದಲೆಳೆಯಷ್ಟು ಕೆಳಗೆ ಹುಟ್ಟಿ, ಆಮೇಲೆ ಓಡಿ ಬಂದು ಜೊತೆಯವರನ್ನು ಸೇರಿಕೊಳ್ಳುವುದು. ಅಪ್ಪನ ರೈಲು ನಿಜವಾದ ರೈಲಿನ ಹಾಗೆ ಕೇಳಿಸುತ್ತಿದ್ದದ್ದು ಅದರಿಂದಲೇ.

ಅಪ್ಪ ಹೋದ ಮೇಲೆ ಅದನ್ನು ಉಳಿಸಿಕೊಂಡವಳು ನಾನು. ಮೂವತ್ತೆರಡು ವರ್ಷದಿಂದ ಊರಿನವರ ಕೀಬೋರ್ಡು, ಆರ್ಗನ್ನು ರಿಪೇರಿ ಮಾಡುತ್ತಿದ್ದೇನೆ. ವರ್ಷಕ್ಕೊಮ್ಮೆ ಅಪ್ಪನದನ್ನೂ ಬಿಚ್ಚಿ, ಶ್ರುತಿ ಹೊಂದಿಸುವ ಪುಟ್ಟ ತಿರುಪುಗಳನ್ನು ಸರಿಮಾಡಿ, ಅವು ಅಲುಗದಿರಲಿ ಎಂದು ಒಂದೊಂದರ ಮೇಲೂ ಒಂದು ಚುಕ್ಕೆ ಕೆಂಪು ನೇಲ್ ಪಾಲಿಶ್ ಇಟ್ಟು ಮುಚ್ಚುತ್ತಿದ್ದೆ. ಈ ಕೈಗೆ ನೇಲ್ ಪಾಲಿಶ್ ಬೇರೆ ಕೇಡು ಅಂತ ನೀನು ನಕ್ಕಿದ್ದು ನೆನಪಿದೆ. ಉಗುರಿಗಲ್ಲವೋ, ಬೋರ್ಡಿಗೆ ಎಂದಿದ್ದೆ.

ಮೂರು ತಿಂಗಳ ಹಿಂದೆ ನೀನು ಬಂದೆ. ನಿಮ್ಮ ಕಂಪನಿ ಹಳೆಯ ಸಿಂಥಸೈಜರುಗಳನ್ನು ಸಾಫ್ಟ್‌ವೇರ್ ಆಗಿ ಮಾಡುತ್ತಿದೆ, ಅಪ್ಪನದನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ, ಎರಡು ತಿಂಗಳು ಕೊಡು ಎಂದೆ. ನಾನು ಹಿಂದೆಮುಂದೆ ನೋಡಿದೆ. ಅಕ್ಕಾ, ಒಂದು ಗೀರು ಬಿದ್ರೂ ನನ್ನ ಕಿವಿ ಹಿಂಡು ಅಂದೆ. ಅಂಗಡಿಗೆ ಬರುವ ಪ್ರತಿ ವಾದ್ಯಕ್ಕೂ ಯಾವ ಸ್ಥಿತಿಯಲ್ಲಿ ಬಂತು, ಯಾವ ಸ್ಥಿತಿಯಲ್ಲಿ ಹೋಯಿತು ಎಂದು ಚೀಟಿ ಬರೆಯುತ್ತೇನೆ. ಒಡಹುಟ್ಟಿದವನ ಹತ್ತಿರ ಚೀಟಿಗೆ ಸಹಿ ಹಾಕಿಸಿಕೊಳ್ಳುವುದೇ ಎಂದು ಅವತ್ತು ಬರೆಯಲಿಲ್ಲ.

ನಕಲು ಮಾಡಿದ್ದಕ್ಕೆ ನನಗೆ ಸಿಟ್ಟಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಯಂತ್ರಗಳು ಸಾಯುತ್ತಿವೆ. ಭಾಗಗಳು ಸಿಗುವುದಿಲ್ಲ, ಸಿಕ್ಕರೆ ಕೊಳ್ಳುವ ಹಾಗಿರುವುದಿಲ್ಲ. ಸಂಗೀತ ಕಲಿಯುವ ಹುಡುಗಿಯರು ಒಂದು ಲ್ಯಾಪ್‌ಟಾಪಿನಲ್ಲಿ ಆ ಸದ್ದು ಕೇಳುವಂತಾದರೆ ಅಪ್ಪನಿಗೂ ಸಂತೋಷವೇ. ಆದರೆ ಮೂರನೇ ತಾರೀಕು ಭಾನುವಾರ ನೀನು ಮಾಡಿದ್ದು ನಕಲಲ್ಲ.

ಸಭಾಂಗಣದಲ್ಲಿ ಪರದೆ ಕಟ್ಟಿ, ಒಂದು ಕಡೆ ಅಪ್ಪನ ಯಂತ್ರ, ಇನ್ನೊಂದು ಕಡೆ ನಿಮ್ಮ ಸಾಫ್ಟ್‌ವೇರ್ ಇಟ್ಟಿರಿ. ಹತ್ತು ಸುತ್ತು. ಪ್ರತಿ ಸುತ್ತಿನಲ್ಲೂ ಎರಡರಲ್ಲೂ ಒಂದೇ ತುಣುಕು ನುಡಿಸುತ್ತಾರೆ, ಮೂಲ ಯಂತ್ರ ಯಾವುದು ಎಂದು ನಾನು ಗುಂಡಿ ಒತ್ತಿ ಹೇಳಬೇಕು. ನೀನು ಕರೆದಾಗ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಹೊಸ ಕನ್ನಡಕ ಹಾಕಿಕೊಂಡು ಹೋಗಿದ್ದೆ, ಕೇಳುವುದಕ್ಕೆ ಕನ್ನಡಕ ಯಾಕೆ ಬೇಕಿತ್ತೋ.

ಮೊದಲ ಸುತ್ತಿನಲ್ಲೇ ಸೋಮಾರಿ ಸಿಕ್ಕಿಬಿಟ್ಟ. ಮೂರನೆಯ ಸ್ವರ ಕೆಳಗೆ ಹುಟ್ಟಿ, ಓಡಿ ಬಂದು ಸೇರಿಕೊಂಡಿತು. ನನಗೆ ನಗು ಬಂತು, ಗುಂಡಿ ಒತ್ತಿದೆ. ಇನ್ನೊಂದು ಸದ್ದು ಸ್ವಚ್ಛವಾಗಿತ್ತು, ಚೆನ್ನಾಗಿತ್ತು, ಯಾರೋ ಪರಿಚಯವಿಲ್ಲದವರ ಹಾಗಿತ್ತು. ಪಾಪ, ತಮ್ಮ ಎಷ್ಟು ಕಷ್ಟಪಟ್ಟಿದ್ದಾನೆ, ಸೋಮಾರಿಯನ್ನು ಹಿಡಿಯುವುದಕ್ಕೆ ಮಾತ್ರ ಆಗಲಿಲ್ಲ ಎಂದುಕೊಂಡೆ. ಹೌದು ಕಣೋ, ನಿನ್ನ ಬಗ್ಗೆ ಕನಿಕರಪಡುತ್ತಿದ್ದೆ. ನಾಲ್ಕನೆಯ ಸುತ್ತಿಗೆ ಸಭೆಯಲ್ಲಿ ಕಿಸಿಕಿಸಿ ಶುರುವಾಯಿತು. ಖುಷಿಯಾಗಿದ್ದಾರೆ ಅಂದುಕೊಂಡು ನಾನೂ ಅವರತ್ತ ನೋಡಿ ನಕ್ಕೆ. ನನ್ನ ಬೆನ್ನ ಹಿಂದಿನ ದೊಡ್ಡ ಸ್ಕ್ರೀನಿನಲ್ಲಿ ಒಂದೊಂದೇ ತಪ್ಪು ಗುರುತು ಬೀಳುತ್ತಿದ್ದದ್ದು ನನಗೆ ಕಾಣುವಂತಿರಲಿಲ್ಲ. ಹತ್ತು ಸುತ್ತು ಮುಗಿದ ಮೇಲೆ ತಿರುಗಿ ನೋಡಿದರೆ, ಸೊನ್ನೆ.

ಆಗ ನೀನು ಮೈಕ್ ಹಿಡಿದು ಹೇಳಿದ್ದನ್ನು ಸಾಯುವವರೆಗೂ ಮರೆಯುವುದಿಲ್ಲ. ನಮ್ಮಕ್ಕನ ಕಿವಿಗೇ ಟೋಪಿ ಹಾಕಿದೆ ಅಂದ್ಮೇಲೆ ನಿಮ್ಮದೆಲ್ಲ ಯಾವ ಲೆಕ್ಕ ಎಂದೆ. ಎಷ್ಟು ಚಪ್ಪಾಳೆ!

ಮಾರನೆಯ ದಿನ ನಿಮ್ಮ ಆಫೀಸಿನವರು ಯಂತ್ರವನ್ನು ಅಂಗಡಿಗೆ ತಂದಿಟ್ಟು ಹೋದರು. ನಾನು ಅದನ್ನು ಮುಟ್ಟಲಿಲ್ಲ. ಮುಟ್ಟಲು ಮುಖವಿರಲಿಲ್ಲ. ಪಕ್ಕದ ಬೀಗ ರಿಪೇರಿಯವನು ಬಂದು, ಅಕ್ಕೋ, ಕಂಪ್ಯೂಟ್ರು ನಿಮ್ ಕಿವಿ ಮೇಲೇ ಹೂವಿಟ್ಟಿತಂತೆ ಅಂತ ಹಲ್ಲುಬಿಟ್ಟ. ಅವನದು ತಮಾಷೆ, ಬಿಡು. ಸಂಗೀತ ಶಾಲೆಯ ಮೇಷ್ಟ್ರು ಬಂದದ್ದು ತಮಾಷೆಗಲ್ಲ. ಶ್ರುತಿ ಮಾಡಲು ಕೊಟ್ಟಿದ್ದ ಎರಡು ಆರ್ಗನ್ನುಗಳನ್ನು ಬಹಳ ಮರ್ಯಾದೆಯಿಂದ ವಾಪಸ್ ಕೇಳಿದರು. ನಿಮಗ್ಯಾಕೆ ತೊಂದ್ರೆ ಮೇಡಂ, ರೆಸ್ಟ್ ತಗೊಳ್ಳಿ ಎಂದರು. ಹತ್ತೊಂಬತ್ತು ವರ್ಷದ ಗಿರಾಕಿ. ಅವರು ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ನಾಲ್ಕನೆಯ ದಿನ ಕಿವಿ ಡಾಕ್ಟರ ಹತ್ತಿರ ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ ಅರ್ಧ ಗಂಟೆ ಪರೀಕ್ಷೆ ಮಾಡಿದರು. ಈ ಕಿವಿ ನಿಮಗಿಂತ ಹದಿನೈದು ವರ್ಷ ಚಿಕ್ಕದು, ಯಾರದ್ದಮ್ಮಾ ಇದು ಎಂದರು. ಹೊರಗೆ ಬಂದು ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಹೊಳೆಯಿತು. ಏನೂ ತಿಳಿಯದವರು ಸುಮ್ಮನೆ ಗುಂಡಿ ಒತ್ತಿದರೂ ಹತ್ತರಲ್ಲಿ ನಾಲ್ಕೋ ಐದೋ ಸರಿಯಾಗುತ್ತದೆ. ಹತ್ತಕ್ಕೆ ಹತ್ತೂ ತಪ್ಪಾಗಬೇಕಾದರೆ ಎರಡರ ವ್ಯತ್ಯಾಸ ಹತ್ತಕ್ಕೆ ಹತ್ತು ಸಲವೂ ತಿಳಿದಿರಬೇಕು. ಅಷ್ಟು ದೊಡ್ಡ ಸಭೆಯಲ್ಲಿ, ಅಷ್ಟೊಂದು ಓದಿಕೊಂಡವರಲ್ಲಿ, ಒಬ್ಬರಿಗೂ ಈ ಸರಳ ಲೆಕ್ಕ ತೋಚಲಿಲ್ಲ. ನಾಲ್ಕು ದಿನ ನನಗೂ ತೋಚಲಿಲ್ಲ, ಅಷ್ಟು ಅವಮಾನವಾಗಿತ್ತು.

ಭಾನುವಾರ ಅಂಗಡಿಯ ಬಾಗಿಲು ಹಾಕಿಕೊಂಡು ಬಿಚ್ಚಿದೆ. ಹೊರಗಿನ ಸ್ಕ್ರೂ ಹಳೆಯವೇ. ಮುಚ್ಚಳದ ಒಳಗಿನ ಅಪ್ಪನ ಕೈಬರಹದ ಚೀಟಿಯೂ ಇದ್ದ ಜಾಗದಲ್ಲೇ ಇತ್ತು. ಬೋರ್ಡುಗಳು ಮಾತ್ರ ಆರಕ್ಕೆ ಆರೂ ಹೊಸವು. ಬೆಸುಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಂದೇ ಒಂದು ಕೆಂಪು ಚುಕ್ಕೆ ಇಲ್ಲ. ಕೆಲಸ ಅಚ್ಚುಕಟ್ಟಾಗಿದೆ, ಅದನ್ನು ಒಪ್ಪದಿದ್ದರೆ ನಾನು ಮೆಕ್ಯಾನಿಕ್ಕೇ ಅಲ್ಲ. ಆದರೆ ಅವು ಅಪ್ಪನ ಬೋರ್ಡಲ್ಲ.

ನಿಮ್ಮ ಸಾಫ್ಟ್‌ವೇರಿನ ಉಚಿತ ಪ್ರತಿಯನ್ನೂ ಹಾಕಿಕೊಂಡು ನೋಡಿದೆ, ಹೋಲಿಸುವುದಕ್ಕೆ. ಅದರಲ್ಲಿದ್ದಾನೆ ಸೋಮಾರಿ. ಹೆಸರನ್ನೂ ಬಿಟ್ಟಿಲ್ಲ ನೀನು. ಸೋಮಾರಿ ಅಂತಲೇ ಒಂದು ಸ್ವಿಚ್ ಇಟ್ಟಿದ್ದೀಯ, ಬೇಕಾದವರು ಎಬ್ಬಿಸಬಹುದು, ಬೇಡದವರು ಮಲಗಿಸಬಹುದು. ಒಂದು ವ್ಯತ್ಯಾಸ ಹೇಳುತ್ತೇನೆ, ನಿಮ್ಮ ಕಂಪನಿಗೆ ತಿಳಿಸು. ನಿಮ್ಮ ಸೋಮಾರಿ ಯಾವಾಗ ಶುರು ಮಾಡಿದರೂ ಸರಿಯಾಗಿ ಇಪ್ಪತ್ತು ನಿಮಿಷಕ್ಕೆ ಏಳುತ್ತಾನೆ. ನಿಮ್ಮ ಎಸಿ ಕೋಣೆಯಲ್ಲಿ ಅಳೆದ ಇಪ್ಪತ್ತು ನಿಮಿಷ ಅದು. ನಮ್ಮ ಮನೆಯ ಸೋಮಾರಿ ಬೇಸಿಗೆಯಲ್ಲಿ ಹತ್ತು ನಿಮಿಷಕ್ಕೇ ಏಳುತ್ತಿದ್ದ, ಚಳಿಗೆ ಮುಕ್ಕಾಲು ಗಂಟೆ ಕಾಯಿಸುತ್ತಿದ್ದ. ಕಿಟಕಿ ತೆರೆದಿದೆಯೋ ಮುಚ್ಚಿದೆಯೋ ಅವನಿಗೆ ಗೊತ್ತಾಗುತ್ತಿತ್ತು.

ಸೋಮವಾರ ಫೋನಿನಲ್ಲಿ ನೀನು ಕೊಟ್ಟ ಉತ್ತರ ಇದು. ಅಳೆಯೋಕೆ ಬಿಚ್ಚಲೇಬೇಕಿತ್ತು ಅಕ್ಕಾ, ಬಿಚ್ಚುವಾಗ ಎರಡು ಹಾಳಾಯ್ತು, ಆರನ್ನೂ ಹೊಸದು ಮಾಡಿಸಿ ಹಾಕ್ದೆ, ಇನ್ನು ನಿಂಗೆ ರಿಪೇರಿ ಕಾಟನೇ ಇಲ್ಲ. ನಾನು ಕೇಳಿದೆ, ಕಾರ್ಯಕ್ರಮಕ್ಕೆ ಮುಂಚೆ ಯಾಕೆ ಹೇಳಲಿಲ್ಲ ಅಂತ. ಟೈಮ್ ಸಿಗಲಿಲ್ಲ ಅಂದೆ.

ಅವತ್ತು ನನ್ನನ್ನು ಕರೆದೊಯ್ಯಲು ನೀನೇ ಕಾರು ತಂದಿದ್ದೆ. ಮುಕ್ಕಾಲು ಗಂಟೆಯ ದಾರಿ. ನಿನ್ನ ಮೊಣಕಾಲು ನೋವು, ನಿಮ್ಮ ಕಟ್ಟಡದ ಲಿಫ್ಟು ಕೆಟ್ಟದ್ದು, ನಿನ್ನ ಹೆಂಡತಿಗೆ ಬಡ್ತಿ ಸಿಕ್ಕಿದ್ದು, ಎಲ್ಲವನ್ನೂ ಹೇಳಿದೆ. ಸಿಗ್ನಲ್ಲಿನಲ್ಲಿ ನಿಂತಾಗ ನನ್ನ ಕೈ ಹಿಡಿದು, ಹೆದರ್ಕೋಬೇಡ, ನಿನ್ನ ಕಿವಿ ಮುಂದೆ ಯಾವ ಸಾಫ್ಟ್‌ವೇರು ಅಂದೆ. ಆ ಪೆಟ್ಟಿಗೆಯೊಳಗೆ ಏನಿದೆ ಎಂದು ತಿಳಿದೂ ಅಂದೆ. ಬೋರ್ಡು ತೆಗೆದದ್ದನ್ನು ಒಂದು ದಿನ ಕ್ಷಮಿಸಿಯೇನು. ಆ ಮುಕ್ಕಾಲು ಗಂಟೆಯನ್ನು ಹೇಗೆ ಕ್ಷಮಿಸುವುದೋ ನನಗೆ ತಿಳಿಯುತ್ತಿಲ್ಲ.

ಹಿಂದೆ ನಮ್ಮೂರ ಗಡಿಯಾರದ ಗೋಪುರದ ಹಲ್ಲುಚಕ್ರಗಳನ್ನೆಲ್ಲ ನಗರಸಭೆ ಗುಜರಿಗೆ ಹಾಕಿ, ಒಳಗೆ ಬ್ಯಾಟರಿ ಕೂರಿಸಿ, ಹೊರಗೆ ನೂರು ವರ್ಷದ ಗಡಿಯಾರ ಎಂದು ಫಲಕ ಹಾಕಿದಾಗ ಪತ್ರಿಕೆಗೆ ಬರೆದವಳು ನಾನೊಬ್ಬಳೇ. ಅಕ್ಕ ಮತ್ತೆ ಸಂಪಾದಕರಿಗೆ ಪತ್ರ ಬರೆದಳಪ್ಪ ಎಂದು ನೀನು ಊಟದ ಮೇಜಿನಲ್ಲಿ ಎಲ್ಲರನ್ನೂ ನಗಿಸಿದೆ. ನಾನೂ ನಕ್ಕಿದ್ದೆ. ಬ್ಯಾಟರಿ ಹಾಕಿದ್ದು ತಪ್ಪು ಅಂತ ಅವತ್ತೂ ನಾನು ಬರೆದಿರಲಿಲ್ಲ. ಫಲಕ ಸುಳ್ಳು ಅಂತ ಬರೆದಿದ್ದೆ.

ಈಗ ನಿಮ್ಮ ಜಾಹೀರಾತಿನಲ್ಲಿ ಗುಂಡಿ ಒತ್ತುತ್ತಿರುವ ನನ್ನ ಫೋಟೋ ಇದೆ. ಮೂವತ್ತೆರಡು ವರ್ಷದ ಪರಿಣತೆಗೂ ವ್ಯತ್ಯಾಸ ತಿಳಿಯಲಿಲ್ಲ ಎಂದು ಕೆಳಗೆ ಬರೆದಿದ್ದೀರಿ. ತಿಳಿಯಲಿಲ್ಲವಂತೆ! ಅಪ್ಪನ ಸದ್ದು ಎಲ್ಲಿ ಕೇಳಿತೋ ಅಲ್ಲಿಗೆ ಹತ್ತು ಸಲವೂ ಕೈ ತೋರಿಸಿದವಳು ನಾನು. ಅದಕ್ಕೆ ಜನ ನಕ್ಕರು, ನೀನು ನಗಿಸಿದೆ.

ನನಗೆ ಬೇಕಾದದ್ದು ಎರಡು. ಉಳಿದ ನಾಲ್ಕು ಬೋರ್ಡನ್ನೂ, ಹಾಳಾದ ಎರಡನ್ನೂ, ಇದ್ದ ಸ್ಥಿತಿಯಲ್ಲೇ ಕಳಿಸು. ಹಾಳಾಗಿದೆ ಎಂದು ತೀರ್ಮಾನಿಸುವವನು ನೀನಲ್ಲ. ಮತ್ತೆ, ಪರದೆಯ ಹಿಂದೆ ಇದ್ದದ್ದು ಮೂಲ ಯಂತ್ರವಲ್ಲ ಎಂದು ಆ ಜಾಹೀರಾತು ಇರುವ ಜಾಗದಲ್ಲೇ ನಿನ್ನ ಹೆಸರು ಹಾಕಿ ಬರೆ. ಕೆಲಸಕ್ಕೆ ಕುತ್ತು ಬರುತ್ತದೆ ಎನ್ನುತ್ತೀಯ, ಬರಬಹುದು. ನನ್ನ ಕೆಲಸಕ್ಕೆ ಆಗಲೇ ಬಂದಾಗಿದೆ. ನನ್ನ ಹತ್ತಿರ ಡಿಗ್ರಿ ಇಲ್ಲ, ನಾಮಫಲಕ ಹಾಕಿದ ಕಂಪನಿ ಇಲ್ಲ. ಈಕೆಗೆ ಕಿವಿ ಇದೆ ಎಂದು ಜನ ನಂಬಿದ್ದರು, ಅಷ್ಟೇ ನನ್ನ ಬಂಡವಾಳ.

ಇಪ್ಪತ್ತೈದನೇ ತಾರೀಕಿನವರೆಗೆ ಕಾಯುತ್ತೇನೆ. ಆಮೇಲೆ ನಾನೇ ಹೇಳುತ್ತೇನೆ, ಹೊಸ ಬೋರ್ಡುಗಳ ಫೋಟೋ ತೆಗೆದಿಟ್ಟಿದ್ದೇನೆ. ಹೆದರಿಸುತ್ತಿದ್ದಾಳೆ ಎಂದುಕೊಳ್ಳಬೇಡ. ನಿನ್ನನ್ನು ಹೆದರಿಸಿ ನನಗೆ ಅಭ್ಯಾಸವಿಲ್ಲ, ಅದೇ ತಪ್ಪಾಯಿತೋ ಏನೋ.

ಇನ್ನೂ ನಿನ್ನವಳೇ ಆದ,
ಅಕ್ಕ

ತಾ.ಕ. ಶುಕ್ರವಾರ. ಕವರು ಅಂಟಿಸಿಟ್ಟಿದ್ದೆ, ಮತ್ತೆ ಒಡೆದು ಇದನ್ನು ಸೇರಿಸುತ್ತಿದ್ದೇನೆ. ಸಭಾಂಗಣದಲ್ಲಿ ಮೈಕು, ಸ್ಪೀಕರು ನೋಡಿಕೊಳ್ಳುವವನು ಬೆಳಿಗ್ಗೆ ಫೋನ್ ಮಾಡಿದ್ದ. ಹನ್ನೆರಡು ದಿನದಿಂದ ಅವನಿಗೂ ಅದೇ ಲೆಕ್ಕ ತಲೆ ತಿನ್ನುತ್ತಿತ್ತಂತೆ. ಮೇಡಂ, ಹತ್ತೂ ತಪ್ಪಾಗೋಕೆ ಚಾನ್ಸೇ ಇಲ್ಲ, ವೈರು ನಾನೇ ಎಳೆದಿದ್ದು, ಅದು ಸರಿಯಾಗಿತ್ತು, ಪೆಟ್ಟಿಗೆ ಒಳಗೇ ಯಾರೋ ಕೈಯಾಡ್ಸಿದಾರೆ, ಒಂದು ಮಾತು ಹೇಳಿ, ವಾದ್ಯದವರ ಗ್ರೂಪಲ್ಲಿ ಇವತ್ತೇ ಬರ್ದು ಹಾಕ್ತೀನಿ ಎಂದ. ಹೌದು ಎಂದರೆ ಸಾಕಿತ್ತು. ನಾನು, ಬಿಚ್ಚಿ ನೋಡಿದೀನಪ್ಪ, ಒಳಗೆ ಎಲ್ಲಾ ಹಳೇದೇ ಇದೆ, ನನ್ನ ಕಿವಿನೇ ಹೋಗಿದೆ ಎಂದುಬಿಟ್ಟೆ. ಅವನು, ಹೋಗ್ಲಿ ಬಿಡಿ ಮೇಡಂ, ವಯಸ್ಸು ಅಂದ. ಮೇಲೆ ಬರೆದದ್ದರಲ್ಲಿ ಒಂದು ಅಕ್ಷರವನ್ನೂ ಹೊಡೆದು ಹಾಕಿಲ್ಲ. ಆದರೆ ಇಪ್ಪತ್ತೈದರ ನಂತರ ನಾನು ಫೋಟೋ ತೋರಿಸಿ ಹೇಳಿದರೂ ಇನ್ನು ಯಾರೂ ನಂಬುವುದಿಲ್ಲ, ನೀನು ಹೇಳಿದರೆ ಮಾತ್ರ ನಂಬುತ್ತಾರೆ.